6146 ವಾಲ್ವ್ ಕೆಂಪಾಗುತ್ತಿದ್ದದ್ದು ಯಾಕೆ? ಎಚ್‌ಟಿ ಆನ್ ಮಾಡದೆ ಹಿಡಿದ ದೋಷ

ಹಳೆಯ ಎಎಂ ರೇಡಿಯೊ ಟ್ರಾನ್ಸ್‌ಮಿಟರ್‌ನಲ್ಲಿ ಫೈನಲ್ ವಾಲ್ವ್‌ನ (ಆಂಟೆನಾಕ್ಕೆ ಪವರ್ ಕೊಡುವ ಕೊನೆಯ ಹಂತದ ವಾಲ್ವ್) ಪ್ಲೇಟ್, ಅದರೊಳಗಿನ ಲೋಹದ ತಗಡು, ಕಾದು ಕೆಂಪಾಯಿತು ಅಂದರೆ ‘ವಾಲ್ವ್ ಬದಲಿಸಿ’ ಅನ್ನುವವರೇ ಎಲ್ಲ. ನನಗೂ ಅದೇ ಸಲಹೆ ಸಿಕ್ಕಿತು. ವಾಲ್ವ್ ಹಾಕಿದ್ದೂ ಆಯಿತು, ದುಡ್ಡು ಸುರಿದದ್ದೂ ಆಯಿತು. ಕೊನೆಗೆ ದೋಷ ಸಿಕ್ಕಿದ್ದು ಸೆಟ್ಟಿನ ಪ್ಲಗ್ ಕಿತ್ತಿಟ್ಟ ಮೇಲೆ, ಮೇಜಿನ ಮೇಲೆ.

ಸೆಟ್ 1950ರ ದಶಕದ್ದು. ಫೈನಲ್‌ಗೆ ಎರಡು 6146 ಪ್ಯಾರಲಲ್, ದನಿ ಸೇರಿಸುವ ಮಾಡ್ಯುಲೇಟರ್‌ಗೆ 807 ಜೋಡಿ, ಎಸಿಯನ್ನು ಡಿಸಿ ಮಾಡುವ 5ಆರ್4 ರೆಕ್ಟಿಫೈಯರ್ ವಾಲ್ವ್, ಲೋಡ್ ಇದ್ದಾಗ ಎಚ್‌ಟಿ (ಪ್ಲೇಟ್‌ಗೆ ಕೊಡುವ ಹೈ ವೋಲ್ಟೇಜ್) ಸುಮಾರು 600 ವೋಲ್ಟ್. ಮೊದಲ ಇಪ್ಪತ್ತು ನಿಮಿಷ ಒಂದು ಕೊರತೆ ಹೇಳುವಂತಿಲ್ಲ: ಗ್ರಿಡ್ (ವಾಲ್ವಿನ ಕರೆಂಟ್ ಹತೋಟಿಯಲ್ಲಿಡುವ ಜಾಲರಿ) ಕರೆಂಟ್ 5-6 ಮಿಲಿಆಂಪ್, ಪ್ಲೇಟ್ ಕರೆಂಟ್ 200ರ ಆಸುಪಾಸು. ಆಮೇಲೆ ಶುರು. ಕೀ (ಪ್ರಸಾರದ ಸ್ವಿಚ್) ಬಿಟ್ಟರೂ ಪ್ಲೇಟ್ ಕರೆಂಟ್ ಮೀಟರ್‌ನ ಮುಳ್ಳು ಕೆಳಗಿಳಿಯದೆ 20ರಲ್ಲಿ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ 40, ಆಮೇಲೆ 80. ದೀಪ ಆರಿಸಿ ನೋಡಿದರೆ ಪ್ಲೇಟ್‌ನ ನಡುವೆ ಮಸುಕು ಕೆಂಪು. ಬಯಾಸ್, ಅಂದರೆ ಪ್ಲೇಟ್ ಕರೆಂಟನ್ನು ತಡೆಹಿಡಿಯಲು ಗ್ರಿಡ್‌ಗೆ ಕೊಡುವ ನೆಗೆಟಿವ್ ವೋಲ್ಟೇಜ್, ಮೈನಸ್ 60 ಇರಬೇಕಾದಲ್ಲಿ ಮೈನಸ್ 30ರ ಹತ್ತಿರ.

ಮೊದಲು ತಂದ ಜೋಡಿ 6146ಬಿ, ಅದೇ ವಾಲ್ವಿನ ನಂತರದ ನಮೂನೆ. ಅದರ ಒಳಗಿನ ಕೆಪಾಸಿಟೆನ್ಸ್ ಹಳೆಯದಕ್ಕೆ ಸರಿಯಾಗಿ ಹೊಂದದೆ ನ್ಯೂಟ್ರಲೈಸೇಶನ್ (ವಾಲ್ವ್ ತಾನೇ ಆಸಿಲೇಟ್ ಆಗದಂತೆ ಮಾಡುವ ಹೊಂದಾಣಿಕೆ) ಕೂಡಿಬರಲೇ ಇಲ್ಲ. ಮೇಲಿನ ಬ್ಯಾಂಡಿನಲ್ಲಿ ಡ್ರೈವ್ (ಗ್ರಿಡ್‌ಗೆ ಬರುವ ಸಿಗ್ನಲ್) ಇಲ್ಲದೆಯೇ ಆಸಿಲೇಟ್ ಆಗತೊಡಗಿತು. ಮತ್ತೆ ಹುಡುಕಿ ಹಳೆಯ ನಮೂನೆಯ 6146 ಜೋಡಿಯನ್ನೇ ತಂದೆ. ಇಪ್ಪತ್ತು ನಿಮಿಷಕ್ಕೆ ಅದೇ ಕೆಂಪು. ಬಯಾಸ್ ಸಪ್ಲೈನ ಹಳೆಯ ಸೆಲೆನಿಯಂ ರೆಕ್ಟಿಫೈಯರ್ ತೆಗೆದು ಸಿಲಿಕಾನ್ ಡಯೋಡ್ ಹಾಕಿದೆ, ವೋಲ್ಟೇಜ್ ಏರದಂತೆ ಸೀರೀಸ್‌ನಲ್ಲಿ ಒಂದು ರೆಸಿಸ್ಟರ್ ಕೊಟ್ಟೆ. ಬೇಕಾದ ಕೆಲಸವೇ, ಸುಟ್ಟ ಸೆಲೆನಿಯಂನ ಹೊಗೆ ವಿಷ. ಆದರೆ ರೋಗ ಅದಲ್ಲ.

ಎಲ್ಲರ ವಾದವೂ ಒಂದು ಪರೀಕ್ಷೆಯ ಮೇಲೆ ನಿಂತಿತ್ತು: ಎರಡೂ ವಾಲ್ವ್ ತೆಗೆದು ಸೆಟ್ ಆನ್ ಮಾಡಿದರೆ ಗಂಟೆಗಟ್ಟಲೆ ಬಯಾಸ್ ಅಲುಗುವುದಿಲ್ಲ, ಆದ್ದರಿಂದ ತಪ್ಪು ವಾಲ್ವಿನದೇ, ಗ್ಯಾಸ್ ಆಗಿದೆ (ಒಳಗಿನ ನಿರ್ವಾತ ಕೆಟ್ಟಿದೆ), ಗ್ರಿಡ್ ಎಮಿಶನ್ ಇದೆ (ಬಿಸಿಯಾದ ಗ್ರಿಡ್ ತಾನೇ ಎಲೆಕ್ಟ್ರಾನ್ ಉಗುಳುತ್ತಿದೆ). ಕೇಳಲು ಸರಿಯಾಗಿದೆ. ಆದರೆ ವಾಲ್ವ್ ತೆಗೆದರೆ ಅವನ್ನು ಮುಚ್ಚಿರುವ ಲೋಹದ ಕೇಜಿನೊಳಗಿನ ಶಾಖವೂ ಹೋಯಿತಲ್ಲ! ಬಿಸಿಯಾದಾಗ ಮಾತ್ರ ಸೋರುವ ಪಾರ್ಟ್ ಆ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದೇ ಇಲ್ಲ. ನನ್ನ ಅನುಮಾನ ಡ್ರೈವರ್ (ಫೈನಲ್‌ಗೆ ಸಿಗ್ನಲ್ ಕೊಡುವ ಹಿಂದಿನ ವಾಲ್ವ್) ಪ್ಲೇಟ್‌ನಿಂದ ಫೈನಲ್ ಗ್ರಿಡ್‌ಗೆ ಹೋಗುವ 100 ಪಿಎಫ್ ಮೈಕಾ ಕೆಪಾಸಿಟರ್ ಮೇಲೆ. ಅದು ಸೋರಿದರೆ ಡ್ರೈವರ್ ಪ್ಲೇಟ್‌ನ ಪಾಸಿಟಿವ್ ವೋಲ್ಟೇಜ್ ಗ್ರಿಡ್‌ಗೆ ಹರಿದು ನೆಗೆಟಿವ್ ಬಯಾಸನ್ನು ತಿನ್ನುತ್ತದೆ. ‘ಮೈಕಾ ಎಲ್ಲಾದರೂ ಹಾಳಾಗುತ್ತದೆಯೇ’ ಎಂದು ಅನುಭವಸ್ಥರೇ ತಳ್ಳಿಹಾಕಿದರು. ಓಮ್‌ಮೀಟರ್ ಕೂಡ ಅವರ ಪರವೇ: ಓಪನ್, ಅಂದರೆ ಸೋರಿಕೆಯೇ ಇಲ್ಲ.

ಓಮ್‌ಮೀಟರ್ ಕೊಡುವುದು ಕೆಲವೇ ವೋಲ್ಟ್. ಸೆಟ್ಟಿನಲ್ಲಿ ಆ ಕೆಪಾಸಿಟರ್ ಮೇಲೆ ಬೀಳುವುದು ಸುಮಾರು 300. ಹಾಗಾಗಿ ಕೆಪಾಸಿಟರ್ ಬಿಚ್ಚಿ ಹೊರತೆಗೆದು ನನ್ನದೇ ಸಣ್ಣ 300 ವೋಲ್ಟ್ ಸಪ್ಲೈಗೆ ಜೋಡಿಸಿದೆ. ಸಪ್ಲೈನ ಬಾಯಲ್ಲೇ 100ಕೆ ರೆಸಿಸ್ಟರ್, ಕರೆಂಟ್ 3 ಮಿಲಿಆಂಪ್ ದಾಟದಂತೆ. ಸೀರೀಸ್‌ನಲ್ಲಿ ಡಿಜಿಟಲ್ ಮೀಟರ್ ಡಿಸಿ ವೋಲ್ಟ್‌ನಲ್ಲಿ; ಅದರ ಒಳಗಿನ ರೆಸಿಸ್ಟೆನ್ಸ್ 10 ಮೆಗಾಓಮ್, ಅಂದರೆ ಒಂದು ವೋಲ್ಟ್ ತೋರಿಸಿದರೆ 0.1 ಮೈಕ್ರೊಆಂಪ್ ಸೋರಿಕೆ. ತಣ್ಣಗಿದ್ದಾಗ ಅರ್ಧ ವೋಲ್ಟೂ ಇಲ್ಲ. ಹೇರ್ ಡ್ರೈಯರ್ ಹಿಡಿದೆ. 2, 15, 90... ಮುಟ್ಟಲಾಗದಷ್ಟು ಬಿಸಿಯಾಗುವ ಹೊತ್ತಿಗೆ 290 ದಾಟಿತು. ಹೊಸ ಮೈಕಾ ಹಾಕಿದ ಮೇಲೆ ಒಂದು ಗಂಟೆ ಎಡೆಬಿಡದೆ ಓಡಿಸಿದ್ದೇನೆ, ಕೀ ಬಿಟ್ಟ ಕೂಡಲೇ ಮುಳ್ಳು ಸೊನ್ನೆಗೆ. ವಾಲ್ವಿಗೆ ಹೋದ ದುಡ್ಡಿನ ನೂರರಲ್ಲಿ ಒಂದು ಪಾಲೂ ಈ ಕೆಪಾಸಿಟರ್‌ಗೆ ಬೀಳಲಿಲ್ಲ. ಕೆಟ್ಟವು ಎಂದು ತೆಗೆದಿಟ್ಟ ಮೊದಲಿನ 6146 ಜೋಡಿಯೇ ಈಗ ಸೆಟ್ಟಿನಲ್ಲಿದೆ.

ನಡುವೆ 5ಆರ್4 ಬದಲು ಸಿಲಿಕಾನ್ ಹಾಕಿಯೂ ನೋಡಿದೆ. ಎಚ್‌ಟಿ 50-60 ವೋಲ್ಟ್ ಏರಿತು. ಹೀಟರ್ ಕಾಯುವ ಮೊದಲೇ ಪೂರ್ತಿ ವೋಲ್ಟೇಜ್ ಫಿಲ್ಟರ್ ಕೆಪಾಸಿಟರ್‌ಗಳ ಮೇಲೆ ಬೀಳುತ್ತಿತ್ತು. ಹಳೆಯ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿಗೆ ಇದು ಬೇಡ ಅನ್ನಿಸಿ 5ಆರ್4 ವಾಪಸ್. 

ಕೈ ಹಾಕುವ ಮುನ್ನ ಎರಡು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಬ್ಲೀಡರ್ (ಆಫ್ ಮಾಡಿದ ಮೇಲೆ ಚಾರ್ಜ್ ಇಳಿಸುವ ರೆಸಿಸ್ಟರ್) ಇದೆಯಲ್ಲ ಎಂದು ನಂಬುವುದಿಲ್ಲ; ಅದು ಓಪನ್ ಆಗಿದ್ದರೆ ಪ್ಲಗ್ ಕಿತ್ತು ಎಷ್ಟೋ ಹೊತ್ತಾದರೂ ಫಿಲ್ಟರ್‌ನಲ್ಲಿ ಜೀವ ತೆಗೆಯುವ ಚಾರ್ಜ್ ಕೂತಿರುತ್ತದೆ. ಇನ್ಸುಲೇಟೆಡ್ ಕೋಲಿನ ತುದಿಯ ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್ ಹಿಡಿದು ನೋಡಿ, ಆಮೇಲೆ ನೇರ ಶಾರ್ಟ್ ಮಾಡುತ್ತೇನೆ. ಕೆಲಸ ಮುಗಿಯುವವರೆಗೂ ಆ ಶಾರ್ಟ್ ತಂತಿಯ ಕ್ಲಿಪ್ ಚಾಸಿಸ್‌ಗೇ (ಸೆಟ್ಟಿನ ಲೋಹದ ಚೌಕಟ್ಟಿಗೆ) ಕಚ್ಚಿರುತ್ತದೆ. ಇನ್ನೊಂದು, ಆಂಟೆನಾ ಸಾಕೆಟ್‌ನಿಂದ ಚಾಸಿಸ್‌ಗೆ ಇರುವ 2.5 ಮಿಲಿಹೆನ್ರಿ ಆರ್‌ಎಫ್ ಚೋಕ್, ರೇಡಿಯೊ ಸಿಗ್ನಲ್ ತಡೆದು ಡಿಸಿಯನ್ನು ಬಿಡುವ ಸುರುಳಿ. ಎಚ್‌ಟಿ ಆಂಟೆನಾ ಕಡೆಗೆ ದಾಟದಂತೆ ತಡೆಯುವ ಪ್ಲೇಟ್ ಬ್ಲಾಕಿಂಗ್ ಕೆಪಾಸಿಟರ್ ಶಾರ್ಟ್ ಆದರೆ 600 ವೋಲ್ಟ್ ಆಂಟೆನಾ ತಂತಿಗೆ ಹೋಗದೆ ಫ್ಯೂಸ್ ಹಾರಿಸುವುದು ಅದೇ. ನನ್ನ ಸೆಟ್ಟಿನಲ್ಲಿ ಯಾರೋ ಅದನ್ನು ಕತ್ತರಿಸಿ ತೆಗೆದಿದ್ದರು, ಹೊಸದು ಹಾಕಿದೆ.

ಸೆಟ್ಟಿನ ಉಳಿದ ಮೈಕಾಗಳೂ ಒಂದೊಂದಾಗಿ ಇದೇ ಪರೀಕ್ಷೆಗೆ ಬರುತ್ತಿವೆ. ಡ್ರೈವರ್ ಗ್ರಿಡ್‌ನದು ಬಿಸಿಯಲ್ಲಿ 40 ವೋಲ್ಟ್ ತೋರಿಸಿತು, ಅದೂ ಬದಲಾಗಲಿದೆ.