ನಿಜ ಘಟನೆಯ ಸಿನಿಮಾ: ನಾನು ನೋಡುವ, ಅಳೆಯುವ ರೀತಿ

‘ದಂಗಲ್’ ನೋಡಿದವರು ಆ ಕೊನೆಯ ಕುಸ್ತಿಯನ್ನು ಮರೆಯುವುದು ಕಷ್ಟ. ಗೀತಾ ಫೋಗಟ್ ಇನ್ನೇನು ಸೋತಳು ಅನ್ನುವ ಹೊತ್ತು. ಉಳಿದಿರುವುದು ಕೆಲವೇ ಸೆಕೆಂಡು. ಅಪ್ಪನನ್ನು ಕೋಚ್‌ನ ಸಂಚಿನಿಂದ ಕ್ರೀಡಾಂಗಣದ ಯಾವುದೋ ಕೋಣೆಯಲ್ಲಿ ಕೂಡಿಹಾಕಲಾಗಿದೆ. ಆಗ ಅಪ್ಪ ಹೇಳಿಕೊಟ್ಟ ಐದು ಅಂಕದ ಪಟ್ಟು ಹಾಕಿ ಆಕೆ ಗೆಲ್ಲುತ್ತಾಳೆ. ಕತ್ತಲ ಕೋಣೆಯಲ್ಲಿ ಅಪ್ಪನಿಗೆ ರಾಷ್ಟ್ರಗೀತೆ ಕೇಳಿಸುತ್ತದೆ.

2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಡೆದದ್ದೇ ಬೇರೆ. 55 ಕೆ.ಜಿ. ವಿಭಾಗದ ಫೈನಲ್‌ನಲ್ಲಿ ಗೀತಾ ಆಸ್ಟ್ರೇಲಿಯಾದ ಎಮಿಲಿ ಬೆನ್‌ಸ್ಟೆಡ್ ಅವರನ್ನು 1-0, 7-0ರಿಂದ ಸೋಲಿಸಿದರು. ಸಲೀಸಾದ ಗೆಲುವು ಅದು. ಅಪ್ಪ ಮಹಾವೀರ್ ಸಿಂಗ್ ಅವರನ್ನು ಯಾರೂ ಕೂಡಿಹಾಕಿರಲಿಲ್ಲ.

ಇಲ್ಲಿ ಎರಡು ಬದಲಾವಣೆ ಆಗಿವೆ. ನನ್ನ ತಕ್ಕಡಿಯಲ್ಲಿ ಅವೆರಡೂ ಒಂದೇ ತೂಕ ತೂಗುವುದಿಲ್ಲ. ಅಂಕ ಬದಲಾಯಿಸಿದ್ದರಿಂದ ಯಾರಿಗೂ ನೋವಾಗಲಿಲ್ಲ. ಕುಸ್ತಿ ಗೊತ್ತಿಲ್ಲದವರೂ ಕುರ್ಚಿ ತುದಿಗೆ ಬಂದು ಕೂತರು, ಅಷ್ಟೆ. ಆದರೆ ಆ ಬೀಗ ಹಾಕಿದ ಕೋಣೆ ಹಾಗಲ್ಲ. ಕೋಚ್‌ನ ಹೆಸರು ಬದಲಾಯಿಸಿದ್ದಾರೆ ನಿಜ. ಆದರೆ ಆ ಕಾಲಕ್ಕೆ ಮಹಿಳಾ ಕುಸ್ತಿಪಟುಗಳಿಗೆ ತರಬೇತಿ ಕೊಟ್ಟವರು ಯಾರು ಅನ್ನುವುದು ಆ ವಲಯದಲ್ಲಿ ಎಲ್ಲರಿಗೂ ಗೊತ್ತು. ಸಿನಿಮಾ ಬಂದ ಮೇಲೆ ಅವರು ಬಹಿರಂಗವಾಗಿಯೇ ನೊಂದುಕೊಂಡರು. ಅಪ್ಪನ ಪಾತ್ರ ಎತ್ತರವಾಗಲಿ ಅಂತ ಬದುಕಿರುವ ಇನ್ನೊಬ್ಬ ಮನುಷ್ಯನನ್ನು ಸಣ್ಣವನಾಗಿ ಮಾಡಿದರು. ಇದನ್ನು ನಾನು ಒಪ್ಪುವುದಿಲ್ಲ.

ಸಿನಿಮಾ ಬಗ್ಗೆ ಬರೆಯುವುದು, ಗೆಳೆಯರ ಜತೆ ಕೂತು ನೋಡಿ ಮಾತಾಡುವುದು ನನ್ನ ಬಹಳ ವರ್ಷಗಳ ಕೆಲಸ. ಅದರಲ್ಲೂ ನಿಜ ಘಟನೆ ಆಧರಿಸಿದ ಚಿತ್ರ ಅಂದರೆ ಜಾಸ್ತಿ ಸಮಯ ಕೊಡುತ್ತೇನೆ. ಇಂಥ ಚಿತ್ರಗಳ ಬಗ್ಗೆ ಕೇಳಿಬರುವ ಮಾತು ಸಾಮಾನ್ಯವಾಗಿ ಎರಡೇ. ಒಂದು, ‘ಎಲ್ಲಾ ಸುಳ್ಳು ತೋರಿಸಿದ್ದಾರೆ’. ಇನ್ನೊಂದು, ‘ಸಿನಿಮಾ ಅಲ್ವಾ, ಬಿಡಿ’. ನನಗೆ ಇವೆರಡೂ ಸಾಲುವುದಿಲ್ಲ. ಎರಡು ಗಂಟೆಯಲ್ಲಿ ಹತ್ತಾರು ವರ್ಷ ಹೇಳಬೇಕಾದರೆ ಬದಲಾಯಿಸಲೇಬೇಕು. ಆ ಬದಲಾವಣೆಯಿಂದ ಯಾರಿಗೆ ಲಾಭವಾಯಿತು, ಯಾರ ತಲೆಗೆ ಬಂತು ಅನ್ನುವುದನ್ನೇ ನಾನು ಹುಡುಕುವುದು.

ಮೊದಲ ಸಲ ನೋಡುವಾಗ ಏನನ್ನೂ ಓದಿಕೊಂಡು ಹೋಗುವುದಿಲ್ಲ. ಫೋನ್ ಒಳಗಿಟ್ಟು ಸುಮ್ನೆ ನೋಡುತ್ತೇನೆ. ಗಂಟಲು ಬಿಗಿದದ್ದು ಎಲ್ಲಿ, ಜನ ಚಪ್ಪಾಳೆ ಹೊಡೆದದ್ದು ಎಲ್ಲಿ, ಯಾರ ಮೇಲೆ ಸಿಟ್ಟು ಬಂತು, ಇಷ್ಟನ್ನು ಮನೆಗೆ ಬಂದ ಕೂಡಲೇ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಹುಡುಕಾಟ ಶುರುವಾಗುವುದು ಆ ಜಾಗಗಳಿಂದಲೇ. ಬರಹಗಾರ ಕೈಯಾಡಿಸಿರುವುದು ಹೆಚ್ಚಾಗಿ ಅಲ್ಲೇ. ಕಾರಿನ ಮಾಡೆಲ್ ಆ ವರ್ಷದ್ದಲ್ಲ, ಗೋಡೆಯ ಪೋಸ್ಟರ್ ಆ ಕಾಲದ್ದಲ್ಲ ಅಂತ ತಪ್ಪು ಹುಡುಕುವವರಿದ್ದಾರೆ. ನನಗೆ ಅದರಲ್ಲಿ ಆಸಕ್ತಿ ಕಡಿಮೆ.

ಶುರುವಿನ ಸೂಚನೆಯನ್ನೂ ಕೊನೆಯಲ್ಲಿ ಬರುವ ಬರಹವನ್ನೂ ಬಿಡದೆ ಓದುತ್ತೇನೆ. ಒಟಿಟಿಯಲ್ಲಾದರೆ ನಿಲ್ಲಿಸಿ ಓದಬಹುದು. ಚಿತ್ರತಂಡದ ಪ್ರಾಮಾಣಿಕತೆ ಅಲ್ಲಿ ಗೊತ್ತಾಗಿಬಿಡುತ್ತದೆ. ಸೋವಿಯತ್ ಅಣುಸ್ಥಾವರದ ದುರಂತ ಕುರಿತ 2019ರ ‘ಚೆರ್ನೋಬಿಲ್’ ಸರಣಿಯಲ್ಲಿ ಉಲಾನಾ ಖೋಮ್ಯುಕ್ ಅನ್ನುವ ವಿಜ್ಞಾನಿಯ ಪಾತ್ರವಿದೆ. ಅಂಥ ಒಬ್ಬ ಮಹಿಳೆ ಇರಲಿಲ್ಲ. ದುರಂತದ ಕಾರಣ ಹುಡುಕಲು ದುಡಿದ ಅನೇಕ ವಿಜ್ಞಾನಿಗಳ ಬದಲಿಗೆ ಈ ಪಾತ್ರ ಮಾಡಿದ್ದೇವೆ ಅಂತ ಕೊನೆಯಲ್ಲಿ ಅವರೇ ಬರೆದು ತೋರಿಸುತ್ತಾರೆ. ಅದೇ ಸರಣಿಯಲ್ಲಿ ದುರಂತದ ತನಿಖೆಯಲ್ಲಿದ್ದ ವಿಜ್ಞಾನಿ ಲೆಗಸೋವ್ ನ್ಯಾಯಾಲಯದಲ್ಲಿ ನಿಂತು ರಿಯಾಕ್ಟರ್‌ನ ದೋಷ ಬಿಡಿಸಿ ಹೇಳುತ್ತಾರೆ. ನಿಜವಾಗಿ ಅವರು ಆ ವಿಚಾರಣೆಗೆ ಹೋಗಿರಲೇ ಇಲ್ಲ. ಸ್ಥಾವರದ ಹತ್ತಿರ ಹೆಲಿಕಾಪ್ಟರ್ ಬಿದ್ದದ್ದು ಕೂಡ ಸರಣಿಯಲ್ಲಿ ತೋರಿಸಿದ ಹಾಗೆ ಮೊದಲ ದಿನಗಳಲ್ಲಲ್ಲ, 1986ರ ಅಕ್ಟೋಬರ್‌ನಲ್ಲಿ. ಇಷ್ಟಿದ್ದರೂ ಅದನ್ನು ಒಳ್ಳೆಯ ಕೃತಿ ಅಂತಲೇ ಹೇಳುತ್ತೇನೆ. ರಿಯಾಕ್ಟರ್ ಯಾಕೆ ಸಿಡಿಯಿತು, ಅದನ್ನು ಯಾರು ಯಾಕೆ ಮುಚ್ಚಿಟ್ಟರು ಅನ್ನುವ ಮುಖ್ಯ ವಿಷಯದಲ್ಲಿ ಅದು ನೋಡುಗನನ್ನು ದಾರಿ ತಪ್ಪಿಸುವುದಿಲ್ಲ.

ಆಮೇಲೆ ಓದು. ನ್ಯಾಯಾಲಯಕ್ಕೆ ಹೋದ ಪ್ರಕರಣವಾದರೆ ತೀರ್ಪನ್ನೇ ಓದಬೇಕು. ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪುಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಆ ಭಾಷೆ ಮೊದಮೊದಲು ತಲೆನೋವು ತರುತ್ತದೆ. ಎರಡೂ ಕಡೆಯ ವಾದ ಒಂದೇ ಜಾಗದಲ್ಲಿ ಸಿಗುವುದು ಮಾತ್ರ ಅಲ್ಲಿಯೇ. ನಾಯಕನ ಆತ್ಮಕಥೆಯಿಂದಲೇ ಮಾಡಿದ ಚಿತ್ರವಾದರೆ ಅವನ ಎದುರಾಳಿಯೋ ಜತೆಗಾರನೋ ಹೇಳಿದ್ದನ್ನು ಹುಡುಕಿ ಓದುತ್ತೇನೆ. ಒಬ್ಬನೇ ಹೇಳಿದ ಕತೆ ಎಷ್ಟು ಚೆನ್ನಾಗಿದ್ದರೂ ಒಬ್ಬನದೇ.

‘ಜೈ ಭೀಮ್’ ವಿಷಯದಲ್ಲಿ ಈ ಓದು ನನ್ನನ್ನು ಬಹಳ ಕಾಡಿತು. 1993ರಲ್ಲಿ ತಮಿಳುನಾಡಿನ ಕಮ್ಮಾಪುರಂ ಠಾಣೆಯಲ್ಲಿ ರಾಜಾಕಣ್ಣು ಎಂಬುವರು ಪೊಲೀಸರ ಹೊಡೆತಕ್ಕೆ ಸತ್ತರು. ಹೆಂಡತಿ ಪಾರ್ವತಿ ಪಟ್ಟು ಬಿಡಲಿಲ್ಲ. ವಕೀಲ ಕೆ. ಚಂದ್ರು ಹೇಬಿಯಸ್ ಕಾರ್ಪಸ್ (ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತನ್ನಿ ಅಂತ ಕೇಳುವ) ಅರ್ಜಿ ಹಿಡಿದು ಹೋರಾಡಿದರು. ಮುಂದೆ ಅವರೇ ಮದ್ರಾಸ್ ಹೈಕೋರ್ಟ್ ನ್ಯಾಯಮೂರ್ತಿಯಾದರು. ಠಾಣೆಯೊಳಗಿನ ದೃಶ್ಯಗಳನ್ನು ನಾನು ಮುಖ ತಿರುಗಿಸದೆ ನೋಡಲಾಗಲಿಲ್ಲ. ಅಷ್ಟು ಕ್ರೌರ್ಯ ಬೇಕಿತ್ತಾ ಅಂದವರಿಗೆ ನನ್ನ ಉತ್ತರ: ಬೇಕಿತ್ತು. ಅಲ್ಲಿ ನಡೆದದ್ದೇ ಅದು.

ಆದರೆ ಚಿತ್ರದಲ್ಲಿ ಆ ಕುಟುಂಬ ಇರುಳರ್ ಸಮುದಾಯದ್ದು. ನಿಜದಲ್ಲಿ ಅವರು ಕುರವರ್. ಹಲವು ಪ್ರಕರಣಗಳ ನೋವನ್ನು ಒಂದು ಕತೆಯಲ್ಲಿ ಹೇಳಲು ಹೊರಟಿದ್ದರಿಂದ ಹೀಗಾಯಿತು ಅಂತ ವಾದಿಸಬಹುದು. ಆದರೂ ನನಗೆ ಸಮಾಧಾನವಿಲ್ಲ. ಸತ್ತವನ ಹೆಸರನ್ನು ಹಾಗೇ ಇಟ್ಟುಕೊಂಡು ಅವನ ಜನರನ್ನು ಬದಲಾಯಿಸಿದರೆ, ಆ ಜನರ ಪಾಲಿಗೆ ಇದ್ದ ಒಂದು ದಾಖಲೆ ಕೈತಪ್ಪಿದ ಹಾಗೆ. ಇನ್ನೊಂದು, ಆ ಕ್ಯಾಲೆಂಡರ್. ಕ್ರೂರಿ ಸಬ್ ಇನ್ಸ್‌ಪೆಕ್ಟರ್‌ನ ಮನೆ ಗೋಡೆಯಲ್ಲಿ ವನ್ನಿಯರ್ ಸಂಘದ ಅಗ್ನಿಕುಂಡದ ಗುರುತಿತ್ತು. ಕ್ಷಣಕಾಲ ಬಂದುಹೋಗುವ ಚಿತ್ರ. ನಿಜ ಪ್ರಕರಣದ ಅಧಿಕಾರಿ ಆ ಸಮುದಾಯದವರಾಗಿರಲಿಲ್ಲ. ದೊಡ್ಡ ಗಲಾಟೆಯಾದ ಮೇಲೆ ಅದನ್ನು ತೆಗೆದು ಲಕ್ಷ್ಮಿಯ ಕ್ಯಾಲೆಂಡರ್ ಹಾಕಿದರು. ಗಲಾಟೆ ಮಾಡಿದವರ ಬೆದರಿಕೆಯ ಧಾಟಿ ನನಗೆ ಹಿಡಿಸಲಿಲ್ಲ. ಆದರೆ ಆ ಕ್ಯಾಲೆಂಡರ್ ಅಲ್ಲಿ ಇರಬಾರದಾಗಿತ್ತು. ಹಿನ್ನೆಲೆಯ ಒಂದು ವಸ್ತು ಕೂಡ ಆರೋಪ ಹೊರಿಸಬಲ್ಲದು.

‘ಏರ್‌ಲಿಫ್ಟ್’ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1990ರಲ್ಲಿ ಇರಾಕ್ ಕುವೈತ್‌ಗೆ ನುಗ್ಗಿದಾಗ ಸುಮಾರು 1.7 ಲಕ್ಷ ಭಾರತೀಯರನ್ನು ವಾಪಸ್ ತಂದ ಕತೆ ಅದು. ನಾಯಕ ರಂಜಿತ್ ಕಟಿಯಾಲ್ ಕಲ್ಪಿತ ಪಾತ್ರ, ಅಲ್ಲಿ ನಿಜವಾಗಿ ಓಡಾಡಿದವರು ಹಲವರು. ವಿದೇಶಾಂಗ ಮಂತ್ರಿ ಐ.ಕೆ. ಗುಜ್ರಾಲ್ ಬಾಗ್ದಾದ್‌ಗೇ ಹೋಗಿದ್ದರು. ಅಮ್ಮಾನ್‌ನಿಂದ ಏರ್ ಇಂಡಿಯಾ ನೂರಾರು ವಿಮಾನ ಹಾರಿಸಿತು. ಚಿತ್ರದಲ್ಲಿ ಒಬ್ಬ ಅಧಿಕಾರಿಯನ್ನು ಬಿಟ್ಟರೆ ಇಡೀ ಸರ್ಕಾರ ನಿದ್ದೆ ಮಾಡುತ್ತಿದೆ. ಒಬ್ಬನೇ ನಾಯಕ ಬೇಕು ಅಂತಾದಾಗ ಮೊದಲು ಕಾಣೆಯಾಗುವವರು ಕಚೇರಿಯಲ್ಲಿ ಕೂತು ಕೆಲಸ ಮಾಡಿದವರು.

ನಮ್ಮವರ ಕತೆಗೆ ಬರೋಣ. ತಮಿಳಿನ ‘ಸೂರರೈ ಪೋಟ್ರು’ ನೋಡಿ ಇಲ್ಲಿ ಅನೇಕರು ಬೇಸರ ಮಾಡಿಕೊಂಡರು. ಏರ್ ಡೆಕ್ಕನ್ ಅನ್ನುವ ಅಗ್ಗದ ವಿಮಾನ ಕಂಪನಿ ಕಟ್ಟಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಕತೆಯನ್ನು ಮಧುರೈ ಕಡೆಗೆ ಒಯ್ದರು ಅಂತ. ಆ ಬೇಸರ ನನಗೆ ಅರ್ಥವಾಗುತ್ತದೆ, ಆದರೆ ನನ್ನ ತಕರಾರು ಅದಲ್ಲ. ಹೆಸರು, ಊರು, ಜಾತಿ ಎಲ್ಲವನ್ನೂ ಬದಲಾಯಿಸಿ ಇದು ಬೇರೆ ಮನುಷ್ಯ ಅಂತ ಹೇಳಿಯೇ ಕತೆ ಕಟ್ಟಿದ್ದಾರೆ. ಸ್ವತಃ ಗೋಪಿನಾಥ್ ಅವರೇ ಅದನ್ನು ಮೆಚ್ಚಿಕೊಂಡರು. ಅಪ್ಪ ಸಾಯುವ ಹೊತ್ತಿಗೆ ಊರು ಸೇರಲು ವಿಮಾನದ ಟಿಕೆಟ್‌ಗೆ ದುಡ್ಡಿಲ್ಲದೆ ನಾಯಕ ಕೈಚಾಚುವ ದೃಶ್ಯ ಕಟ್ಟಿದ್ದು. ನನ್ನ ಪುಸ್ತಕದಲ್ಲಿ ಮೊದಲು ಬರೆದುಕೊಂಡದ್ದೂ ಅದೇ. ಅದರಿಂದ ಯಾರಿಗೂ ಅನ್ಯಾಯವಾಗಿಲ್ಲ. ಅಗ್ಗದ ವಿಮಾನ ಯಾಕೆ ಬೇಕು ಅನ್ನುವುದನ್ನು ಒಂದೇ ಏಟಿಗೆ ತಿಳಿಸುತ್ತದೆ.

ನನ್ನ ತಕರಾರು ಚಿತ್ರ ಕೈಬಿಟ್ಟ ವರ್ಷಗಳ ಬಗ್ಗೆ. ಗೋಪಿನಾಥ್ ಸೇನೆ ಬಿಟ್ಟು ಬಂದಾಗ ಅವರ ಮನೆಯ ಜಮೀನು ಹೇಮಾವತಿ ಜಲಾಶಯಕ್ಕೆ ಹೋಗಿತ್ತು. ಬದಲಿಗೆ ಜಾವಗಲ್ ಹತ್ತಿರ ಸಿಕ್ಕ ಬರಡು ಭೂಮಿಯಲ್ಲಿ ತೋಟ ಮಾಡಿದರು. ಹಾಸನದಲ್ಲಿ ಬೈಕ್ ಮಾರಿದರು, ಹೋಟೆಲ್ ನಡೆಸಿದರು. 1990ರ ದಶಕದ ಕೊನೆಯಲ್ಲಿ ಸೇನೆಯ ಗೆಳೆಯ ಕ್ಯಾಪ್ಟನ್ ಸ್ಯಾಮ್ಯುಯೆಲ್ ಜತೆ ಸೇರಿ ಹೆಲಿಕಾಪ್ಟರ್ ಬಾಡಿಗೆಗೆ ಕೊಡುವ ಕಂಪನಿ ಶುರು ಮಾಡಿದರು. ಲೈಸೆನ್ಸ್ ಹೇಗೆ ತರುವುದು, ಪೈಲಟ್‌ಗಳನ್ನು ಎಲ್ಲಿಂದ ಹುಡುಕುವುದು, ಬಿಡಿಭಾಗಕ್ಕೆ ಏನು ಮಾಡುವುದು, ಎಲ್ಲವನ್ನೂ ಕಲಿತದ್ದು ಅಲ್ಲಿ. 2003ರಲ್ಲಿ ಏರ್ ಡೆಕ್ಕನ್ ವಿಮಾನ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿದ್ದರ ಹಿಂದೆ ಇಷ್ಟೆಲ್ಲ ಇತ್ತು. ಚಿತ್ರದ ನಾಯಕ ಸಿಟ್ಟಿನಿಂದ, ಛಲದಿಂದ, ಊರವರು ಕಳಿಸಿದ ಕಾಸಿನಿಂದ ಗೆಲ್ಲುತ್ತಾನೆ. ಕೆಲಸ ಕಲಿತ ವರ್ಷಗಳೇ ಇಲ್ಲ. ಉದ್ಯಮಿಗಳ ಮೇಲೆ, ಆಟಗಾರರ ಮೇಲೆ ಬರುವ ಚಿತ್ರಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅವಮಾನ ಇರುತ್ತದೆ, ಗೆಲುವು ಇರುತ್ತದೆ, ನಡುವೆ ಒಂದು ಹಾಡು. ಏನಾದರೂ ಶುರು ಮಾಡಬೇಕೆಂದಿರುವ ಹುಡುಗ ಹುಡುಗಿಯರು ಇಂಥವನ್ನು ನೋಡಿ ಲೆಕ್ಕ ಹಾಕುತ್ತಾರೆ ಅನ್ನುವುದಕ್ಕೇ ನನಗೆ ಇದು ಚಿಂತೆ.

ದೃಶ್ಯದ ದಾಖಲೆಯೇ ಇಲ್ಲದ ಕಡೆ ಸಿನಿಮಾ ದೊಡ್ಡ ಉಪಕಾರವನ್ನೂ ಮಾಡಬಲ್ಲದು. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ಎದುರು ಭಾರತ 17 ರನ್‌ಗೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಅಜೇಯ 175 ಹೊಡೆದರು. ಆ ಆಟದ ವಿಡಿಯೊ ಇಲ್ಲ. ‘83’ ಚಿತ್ರ ಅದನ್ನು ಮತ್ತೆ ಆಡಿಸಿ ತೋರಿಸಿದಾಗ ನಾನು ಸ್ಕೋರ್‌ಕಾರ್ಡ್ ಪಕ್ಕದಲ್ಲಿಟ್ಟುಕೊಂಡು ನೋಡಿದೆ. ನನ್ನ ಕಣ್ಣು ಹುಡುಕಿದ್ದು ನಮ್ಮ ಸೈಯದ್ ಕಿರ್ಮಾನಿ ಅವರನ್ನು. ಒಂಬತ್ತನೇ ವಿಕೆಟ್‌ಗೆ ಮುರಿಯದ 126 ರನ್ ಜತೆಯಾಟ, ಅದರಲ್ಲಿ ಅವರದು ಅಜೇಯ 24. ಆ ತುದಿಯಲ್ಲಿ ಅವರು ನಿಲ್ಲದಿದ್ದರೆ 175 ಎಲ್ಲಿಂದ ಬರುತ್ತಿತ್ತು?

ಕನ್ನಡದಲ್ಲಿ ನಾನು ಮತ್ತೆ ಮತ್ತೆ ತೋರಿಸುವುದು ಎ.ಎಂ.ಆರ್. ರಮೇಶ್ ಅವರ ‘ಸೈನೈಡ್’. 1991ರ ಆಗಸ್ಟ್‌ನಲ್ಲಿ ರಾಜೀವ್ ಗಾಂಧಿ ಹಂತಕರು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಅಡಗಿದ್ದು, ಸತ್ತದ್ದು ಕತೆ. ಕೊನೆ ಏನು ಅಂತ ಎಲ್ಲರಿಗೂ ಗೊತ್ತು. ಆದರೂ ಎದೆ ಹೊಡೆದುಕೊಳ್ಳುತ್ತದೆ. ಯಾಕೆಂದರೆ ಕ್ಯಾಮೆರಾ ಜಾಸ್ತಿ ಇರುವುದು ಆ ಮನೆಯೊಳಗೆ, ತಾರಾ ಮತ್ತು ರಂಗಾಯಣ ರಘು ಮಾಡಿದ ದಂಪತಿಯ ಪಕ್ಕದಲ್ಲಿ. ಹಂತಕರನ್ನು ವೀರರನ್ನಾಗಿಯೂ ಮಾಡಿಲ್ಲ, ರಾಕ್ಷಸರನ್ನಾಗಿಯೂ ಮಾಡಿಲ್ಲ. ಮಂಸೋರೆ ಅವರ ‘19.20.21’ ಇನ್ನೊಂದು ದಾರಿ ಹಿಡಿಯಿತು. ದಕ್ಷಿಣ ಕನ್ನಡದ ಕುತ್ಲೂರಿನ ಮಲೆಕುಡಿಯ ಬುಡಕಟ್ಟಿನ ವಿದ್ಯಾರ್ಥಿಯೊಬ್ಬರನ್ನು 2012ರಲ್ಲಿ ಭಯೋತ್ಪಾದನೆ ತಡೆಯುವ ಕಾನೂನಾದ ಯುಎಪಿಎ ಅಡಿ ಬಂಧಿಸಿ, 2021ರಲ್ಲಿ ನ್ಯಾಯಾಲಯ ಖುಲಾಸೆ ಮಾಡಿದ ಪ್ರಕರಣ. ಚಿತ್ರ ಹೆಸರು ಬದಲಾಯಿಸಿತು, ಸಮುದಾಯದ ಬದುಕನ್ನು ಹಾಗೇ ಉಳಿಸಿಕೊಂಡಿತು. ವೇಗ ಸ್ವಲ್ಪ ಕಡಿಮೆ ಅನ್ನಿಸಬಹುದು. ಒಂಬತ್ತು ವರ್ಷ ಎಳೆದ ಕೇಸು ಓಡುವ ಸಿನಿಮಾ ಆಗಿದ್ದರೆ ನನಗೆ ನಂಬಿಕೆ ಬರುತ್ತಿರಲಿಲ್ಲ.

ಪುಸ್ತಕ ಮೊದಲು ಓದಬೇಕಾ, ಸಿನಿಮಾ ಮೊದಲು ನೋಡಬೇಕಾ ಅಂತ ಗೆಳೆಯರು ಕೇಳುತ್ತಾರೆ. ಸಿನಿಮಾ ಮೊದಲು ಅನ್ನುತ್ತೇನೆ. ಓದಿಕೊಂಡು ಹೋದರೆ ಇಡೀ ಹೊತ್ತು ತಾಳೆ ನೋಡುತ್ತಲೇ ಕೂರುತ್ತೇವೆ, ನಟರ ಮುಖ ನೋಡುವುದು ತಪ್ಪಿಹೋಗುತ್ತದೆ. ನೋಡಿ ಒಂದು ವಾರದೊಳಗೆ ಮಾತ್ರ ಓದಿಬಿಡಿ. ತಡ ಮಾಡಿದರೆ ಪರದೆಯ ಮುಖವೇ ನಿಜದವರ ಮುಖವಾಗಿ ತಲೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಯಾವ ತೀರ್ಪು ಓದಿದರೂ ಅದು ಸರಿಯುವುದಿಲ್ಲ.