ಬಿತ್ತನೆ ಭತ್ತದ ಕಸುವು ಉಳಿಸುವುದು ಹೇಗೆ: ಮೊದಲು ಒಣಗಿಸಿ, ಲೇಪನ ಆಮೇಲೆ

ಕಳೆಗುಂದಿದ ಬೀಜಕ್ಕೆ ಬಣ್ಣದ ಲೇಪನ ಹಚ್ಚಿದರೆ ಕಸುವು ಮರಳಿ ಬರುವುದಿಲ್ಲ. ಕರಾವಳಿ, ಮಲೆನಾಡಿನಲ್ಲಿ ಕೊಯ್ಲಿನಿಂದ ಮುಂದಿನ ಜೂನ್‌ವರೆಗೆ ಬೀಜ ಕಾಯಬೇಕು. ಅಷ್ಟರಲ್ಲಿ ಅದು ಕೆಡುವುದು ಹೆಚ್ಚಾಗಿ ತೇವದಿಂದಲೇ.

ಬಿತ್ತನೆ ಭತ್ತದ ತೇವಾಂಶ ಶೇ 13 ಮೀರಬಾರದು. ಗೋಣಿಗೆ ಶೇ 12 ಇದ್ದರೆ ಇನ್ನೂ ಒಳ್ಳೆಯದು. ತೇವಾಂಶ ಶೇ 1ರಷ್ಟು ಇಳಿದರೆ ಬೀಜದ ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿ, ಅಂದರೆ 14ರಿಂದ 12ಕ್ಕೆ ಇಳಿಸಿದರೆ ನಾಲ್ಕು ಪಟ್ಟು. ಟಾರ್ಪಾಲಿನ ಮೇಲೆ ತೆಳುವಾಗಿ ಹರವಿ, ಅರ್ಧ ಗಂಟೆಗೊಮ್ಮೆ ಕೈಯಾಡಿಸಿ. ಕಾದ ಸಿಮೆಂಟ್ ಕಣದಲ್ಲಿ ನಡು ಮಧ್ಯಾಹ್ನ ಬಿಡಬೇಡಿ. ಬೀಜದ ಬಿಸಿ 43 ಡಿಗ್ರಿ ದಾಟಿದರೆ ಭ್ರೂಣಕ್ಕೆ ಪೆಟ್ಟು.

ಮಾಪಕ ಇಲ್ಲದಿದ್ದರೆ ಒಣ ಗಾಜಿನ ಬಾಟಲಿಗೆ ಒಣ ಪುಡಿಯುಪ್ಪು, ಒಂದಿಷ್ಟು ಭತ್ತ ಹಾಕಿ ಚೆನ್ನಾಗಿ ಅಲುಗಿಸಿ, ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ 15ಕ್ಕಿಂತ ಹೆಚ್ಚು. ಅಂಟಲಿಲ್ಲವೆಂದು ಅಲ್ಲಿಗೇ ನಿಲ್ಲಿಸಬೇಡಿ, 13ಕ್ಕೆ ಇಳಿಯಲು ಇನ್ನೂ ಬಿಸಿಲು ಬೇಕು.

ಆರಿದ ಮೇಲೆಯೇ ಚೀಲ ತುಂಬಿ, ಮರದ ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿ. ಗೋಣಿ ಉಸಿರಾಡುತ್ತದೆ, ಮಳೆಗಾಲದ ಗಾಳಿಯ ತೇವವನ್ನೂ ಹೀರುತ್ತದೆ. ಮೇ ಕೊನೆಯ ಮೋಡಕ್ಕೆ ಮುಂಚೆ ಮತ್ತೊಮ್ಮೆ ಬಿಸಿಲು ತೋರಿಸುವುದು ಅದಕ್ಕೇ. ಗಾಳಿಯಾಡದ ಒಳಚೀಲದಲ್ಲಿ ಹುಳುವಿನ ಕಾಟವೂ ಕಡಿಮೆ, ಆದರೆ ಹಸಿ ಭತ್ತ ಕಟ್ಟಿಟ್ಟರೆ ಗೋಣಿಗಿಂತ ಬೇಗ ಬಿಸಿಯೇರಿ ಬೂಸ್ಟು ಹಿಡಿಯುತ್ತದೆ.

ಬಿತ್ತನೆಗೆ ಮೂರು ವಾರ ಮುಂಚೆ ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೊಳಕೆ ನೋಡಿ. ಐದನೇ ದಿನ ಒಮ್ಮೆ, 14ನೇ ದಿನ ಇನ್ನೊಮ್ಮೆ ಎಣಿಸಿ. ಕೊನೆಗೆ 80 ಮೊಳೆತರೆ ಪ್ರಮಾಣಿತ ಬೀಜದ ಮಟ್ಟ. ಕಸುವು ಗೊತ್ತಾಗುವುದು ಮಾತ್ರ ಮೊದಲ ಎಣಿಕೆಯಲ್ಲಿ: ಎರಡು ಚೀಲದಲ್ಲೂ ಕೊನೆಗೆ 84 ಮೊಳೆತರೂ, ಐದನೇ ದಿನಕ್ಕೆ ಒಂದರಲ್ಲಿ 75, ಇನ್ನೊಂದರಲ್ಲಿ 40 ಎಂದಾದರೆ ಎರಡನೆಯದು ಮಣ್ಣಿನಲ್ಲಿ ಸೊರಗುತ್ತದೆ.

ಜೊಳ್ಳು ತೆಗೆಯಲು 10 ಲೀಟರ್ ನೀರಿಗೆ ಒಂದೂವರೆ ಕಿಲೋ ಉಪ್ಪು. ತೇಲಿದ್ದನ್ನು ತೆಗೆದು, ಮುಳುಗಿದ್ದನ್ನು ಎರಡು ಮೂರು ಸಲ ತೊಳೆದು ಪೂರ್ತಿ ಒಣಗಿಸಿ. ಲೇಪನ ಇದಾದ ಮೇಲೆ; ಮೊದಲೇ ಹಚ್ಚಿದರೆ ಉಪ್ಪುನೀರಿನಲ್ಲೇ ಹೋಗುತ್ತದೆ.

10 ಕಿಲೋ ಬೀಜಕ್ಕೆ 30 ಮಿಲಿ ಪಾಲಿಮರ್ (ಕಾಳಿನ ಮೇಲೆ ಬಣ್ಣದ ತೆಳು ಪದರ ಕಟ್ಟುವ ದ್ರವ), 50 ಮಿಲಿ ನೀರು, 20 ಗ್ರಾಂ ಕಾರ್ಬೆಂಡಜಿಮ್ (ಶಿಲೀಂಧ್ರನಾಶಕ) ಕಲಸಿ, ಕೈಗವಸು ಹಾಕಿಕೊಂಡು ಡ್ರಮ್ಮಿನಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ. ನೀರು ಜಾಸ್ತಿಯಾದರೆ ಕಾಳು ಅಂಟಿ ಉಂಡೆಯಾಗುತ್ತದೆ, ಒಣಗಿಸಿ ತಂದ ತೇವವೂ ಮತ್ತೆ ಏರುತ್ತದೆ.

ಈ ಲೇಪನ ಒಣ ಬಿತ್ತನೆ ಮಾಡುವವರಿಗೆ ಹೆಚ್ಚು ಒದಗುತ್ತದೆ. ಸಸಿಮಡಿಗೆ ನೆನೆಸಿ ಮೊಳಕೆ ಬರಿಸುವವರು ಪಾಲಿಮರಿಗೆ ದುಡ್ಡು ಹಾಕುವ ಬದಲು ಕಿಲೋ ಬೀಜಕ್ಕೆ ಲೀಟರ್ ನೀರು, 2 ಗ್ರಾಂ ಕಾರ್ಬೆಂಡಜಿಮ್ ಲೆಕ್ಕದಲ್ಲಿ ನೆನೆಸಿದರೆ ಸಾಕು. ಔಷಧಿ ಹಚ್ಚಿ ಮಿಕ್ಕ ಬೀಜವನ್ನು ಅಕ್ಕಿ ಮಾಡಿಸಬಾರದು, ಕೋಳಿಗೂ ಹಾಕಬಾರದು.