ಅಪ್‌ಗ್ರೇಡ್ ಆದ ಮೇಲೆ ಹಳೆ ವಿಡಿಯೊ ಓಪನ್ ಆಗುತ್ತಿಲ್ಲವೇ?

ಆಪರೇಟಿಂಗ್ ಸಿಸ್ಟಂ ಬದಲಾದ ಮೇಲೆ ವಿಡಿಯೊ ಪ್ಲೇ ಆಗದಿದ್ದರೆ ಫೈಲ್ ಹಾಳಾಗಿದೆ ಎಂದು ಗಾಬರಿ ಬೇಡ. ಸಾಮಾನ್ಯವಾಗಿ ಅದನ್ನು ಓದಬಲ್ಲ ಕೋಡೆಕ್ (ವಿಡಿಯೊವನ್ನು ಕುಗ್ಗಿಸಿಡುವ, ಮತ್ತೆ ಬಿಡಿಸಿ ತೋರಿಸುವ ತಂತ್ರಾಂಶ) ಹೊಸ ಆವೃತ್ತಿಯಲ್ಲಿ ಇರುವುದಿಲ್ಲ, ಅಷ್ಟೆ. 2019ರಲ್ಲಿ ಬಂದ ಮ್ಯಾಕ್‌ಓಎಸ್ ಕ್ಯಾಟಲಿನಾ 32 ಬಿಟ್ ತಂತ್ರಾಂಶಗಳನ್ನು ಕೈಬಿಟ್ಟಾಗ ಆ್ಯಪಲ್‌ನ ಹಳೆಯ ವಿಡಿಯೊ ಪ್ಲೇಯರ್ ಕ್ವಿಕ್‌ಟೈಮ್ 7 ಹೋಯಿತು. ಸಿನೆಪ್ಯಾಕ್, ಸೊರೆನ್ಸನ್‌ನಂಥ ಹಳೆಯ ಕೋಡೆಕ್‌ಗಳೂ ಅದರೊಂದಿಗೇ ಹೋದವು.

ಫೈಲ್ ಹೆಸರಿನ ಕೊನೆಯ ಎವಿಐ ಅಳಿಸಿ ಎಂಪಿ4 ಎಂದು ಬರೆದರೆ ಏನೂ ಆಗದು. ಅದು ಡಬ್ಬಿಯ ಮೇಲಿನ ಚೀಟಿ ಬದಲಿಸಿದಂತೆ, ಒಳಗಿನ ಸರಕು ಹಾಗೇ ಇರುತ್ತದೆ. ಎಲ್ಲೆಲ್ಲೋ ಸಿಗುವ ಕೋಡೆಕ್ ಪ್ಯಾಕ್‌ಗಳ ಸಹವಾಸವೂ ಬೇಡ.

ಮೊದಲು ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ತೆರೆಯಿರಿ. ಅದರೊಳಗೇ ತನ್ನದೇ ಕೋಡೆಕ್‌ಗಳಿರುವುದರಿಂದ ಬಹುತೇಕ ಫೈಲ್‌ಗಳು ಓಡುತ್ತವೆ. ನೋಡುವುದಷ್ಟೇ ಉದ್ದೇಶವಾದರೆ ಕೆಲಸ ಇಲ್ಲಿಗೇ ಮುಗಿಯಿತು. ಎಡಿಟಿಂಗ್‌ಗೋ ಟಿವಿಗೋ ಬೇಕಿದ್ದರೆ ಮಾತ್ರ ಮುಂದುವರಿಯಿರಿ. ವಿಂಡೋಸ್‌ನಲ್ಲಿ ವಿಎಲ್‌ಸಿ ತೆರೆದಿರುವಾಗಲೇ ಕಂಟ್ರೋಲ್ ಜೊತೆ ಜೆ ಒತ್ತಿದರೆ ಕೋಡೆಕ್ ಮಾಹಿತಿ ಕಾಣುತ್ತದೆ.

ಅಲ್ಲಿ ವಿಡಿಯೊ ಎಚ್.264, ಆಡಿಯೊ ಎಎಸಿ ಎಂದಿದ್ದು ಫೈಲ್ ಎಂಬ ಡಬ್ಬಿ ಮಾತ್ರ ಎಂಕೆವಿ ಆಗಿದ್ದರೆ, ಕನ್ವರ್ಟ್ ಮಾಡಲೇಬೇಡಿ. ಅವಿಡೆಮಕ್ಸ್ ಎಂಬ ವಿಡಿಯೊ ಎಡಿಟಿಂಗ್ ತಂತ್ರಾಂಶದಲ್ಲಿ ವಿಡಿಯೊ, ಆಡಿಯೊ ಎರಡಕ್ಕೂ ಕಾಪಿ ಆರಿಸಿ, ಔಟ್‌ಪುಟ್‌ಗೆ ಎಂಪಿ4 ಮಕ್ಸರ್ ಇಟ್ಟು ಸೇವ್ ಮಾಡಿ. ಕೆಲಸ ಬೇಗ ಮುಗಿಯುತ್ತದೆ, ಗುಣಮಟ್ಟ ಎಳ್ಳಷ್ಟೂ ಕುಗ್ಗದು.

ಹಳೆಯ ಕೋಡೆಕ್ ಇದ್ದರೆ ಹ್ಯಾಂಡ್‌ಬ್ರೇಕ್ ಎಂಬ ಕನ್ವರ್ಟ್ ಮಾಡುವ ತಂತ್ರಾಂಶ ಬೇಕು. ಫೈಲ್ ತೆರೆದು ಫಾಸ್ಟ್ 1080ಪಿ30 ಪ್ರೀಸೆಟ್ (ಸಿದ್ಧ ಹೊಂದಿಕೆ) ಆರಿಸಿ, ಫಾರ್ಮ್ಯಾಟ್ ಎಂಪಿ4 ಇರಲಿ. ವಿಡಿಯೊ ಟ್ಯಾಬ್‌ನಲ್ಲಿ ಎನ್‌ಕೋಡರ್ ಎಚ್.264. ಗುಣಮಟ್ಟದ ಆರ್‌ಎಫ್ ಸಂಖ್ಯೆಯೇ ಇಲ್ಲಿ ಮುಖ್ಯ: ಹಳೆಯ ಕ್ಯಾಮ್‌ಕಾರ್ಡರ್ ಅಥವಾ ಡಿವಿಡಿ ಗಾತ್ರದ ವಿಡಿಯೊಗೆ 18ರಿಂದ 22, 1080ಪಿಗೆ 20ರಿಂದ 24. ಸಂಖ್ಯೆ ಇಳಿದಷ್ಟೂ ಚಿತ್ರ ಚೆನ್ನ, ಫೈಲ್ ದಪ್ಪ. 18ಕ್ಕಿಂತ ಕೆಳಗೆ ಹೋದರೆ ಡಿಸ್ಕ್ ತುಂಬುತ್ತದೆಯೇ ಹೊರತು ಕಣ್ಣಿಗೆ ಹೆಚ್ಚೇನೂ ಕಾಣದು.

ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ) ಅನ್ನು ಮೂಲದಷ್ಟೇ ಎಂದು ಬದಲಿಸಿಕೊಳ್ಳಿ. ಇಲ್ಲವಾದರೆ 50 ಫ್ರೇಮ್‌ನ ವಿಡಿಯೊ 30ಕ್ಕೆ ಇಳಿದು, ಓಡುವವರು ತಡವರಿಸಿದಂತೆ ಕಾಣುತ್ತಾರೆ. ಎಡಿಟಿಂಗ್ ತಂತ್ರಾಂಶದಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುವುದಿದ್ದರೆ ಕಾನ್‌ಸ್ಟಂಟ್ ಆರಿಸಿ. ಫ್ರೇಮ್‌ರೇಟ್ ಏರಿಳಿಯುವ ಫೈಲ್‌ಗಳಲ್ಲಿ ಈ ತೊಂದರೆ ಮಾಮೂಲು. ಹಳೆಯ ಟೇಪಿನಿಂದ ಬಂದ ವಿಡಿಯೊದಲ್ಲಿ ಕೈ ಬೀಸಿದಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತವೆಯೇ? ಫಿಲ್ಟರ್ಸ್ ಟ್ಯಾಬ್‌ನಲ್ಲಿ ಡೀಕೋಂಬ್ ಆನ್ ಮಾಡಿ. ಆಡಿಯೊ ಎಎಸಿ, 160 ಕೆಬಿಪಿಎಸ್ ಸಾಕು.

ಎಲ್ಲವನ್ನೂ ಸಾಲಿಗೆ ಹಚ್ಚುವ ಮೊದಲು ರೇಂಜ್‌ನಲ್ಲಿ ಚಲನೆ ಹೆಚ್ಚಿರುವ ಒಂದು ನಿಮಿಷವನ್ನಷ್ಟೇ ಆರಿಸಿ ಪ್ರಯೋಗ ಮಾಡಿ. ಪೂರ್ತಿ ಫೈಲ್ ಬಂದ ಮೇಲೆ ಆರಂಭ, ನಡು, ಕೊನೆ ಮೂರೂ ಕಡೆ ಧ್ವನಿ ಹೊಂದುತ್ತದೆಯೇ ನೋಡಿ. ಅಲ್ಲಿಯವರೆಗೆ ಮೂಲ ಫೈಲ್ ಅಳಿಸಬೇಡಿ. ಪೆನ್‌ಡ್ರೈವ್‌ಗೆ ಕಾಪಿ ಆಗದಿದ್ದರೆ ತಪ್ಪು ವಿಡಿಯೊದ್ದಲ್ಲದಿರಬಹುದು: ಫ್ಯಾಟ್32 ಎಂಬ ಹಳೆಯ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಡ್ರೈವ್‌ನಲ್ಲಿ 4 ಜಿಬಿ ಮೀರಿದ ಫೈಲ್ ಹಿಡಿಸದು. ಇನ್ನು, ಖರೀದಿಸಿದ ಸಿನಿಮಾಗಳಿಗೆ ಡಿಆರ್‌ಎಂ ಎಂಬ ನಕಲು ತಡೆಯುವ ಬೀಗವಿದ್ದರೆ ಹ್ಯಾಂಡ್‌ಬ್ರೇಕ್ ಅವನ್ನು ಕನ್ವರ್ಟ್ ಮಾಡದು. ಮಾರಿದವರ ಆ್ಯಪ್‌ನಲ್ಲೇ ನೋಡಬೇಕು.